ಫಾಲ್ಟು ಎಲ್ಲಿದೆ?

ಗಾಳಿಮಳೆಗೆ ಕರೆಂಟು ಹೋದಾಗ ಲೈನ್‌ಮನ್ ಹೇಳುವ ಮಾತು ನನಗೆ ಬಹಳ ಇಷ್ಟ: "ಎಲ್ಲೋ ಫಾಲ್ಟ್ ಆಗಿದೆ ಸಾರ್, ಹುಡುಕಬೇಕು." ಮನೆ, ಕಚೇರಿಗಳಲ್ಲಿ ಫಾಲ್ಟು ಎಂದರೆ ಮೊದಲು ಏಳುವುದು "ಯಾರದು?" ಎಂಬ ಪ್ರಶ್ನೆ. ಲೈನ್‌ಮನ್‌ಗೆ ಬೇಕಾದದ್ದು "ಎಲ್ಲಿ?" ಎಂಬುದಷ್ಟೆ. ಈ ಪದದ ಹಳೆಯ ಜೀವ ಉಳಿದಿರುವುದು ಅವರಂಥವರ ಬಾಯಲ್ಲೇ ಎಂದು ನನ್ನ ನಂಬಿಕೆ.

ಇದರ ಮೂಲ ಲ್ಯಾಟಿನ್ ಭಾಷೆಯಲ್ಲಿದೆ. 'ಫಾಲ್ಲೆರೆ' ಎಂದರೆ ಮೋಸಮಾಡು, ಕೈಕೊಡು. 'ಫಾಲ್ಸ್', 'ಫೇಲ್' ಎರಡೂ ಅದೇ ಬಳ್ಳಿಯವು. ಹಳೆಯ ಫ್ರೆಂಚ್ ದಾಟಿ ಇಂಗ್ಲೆಂಡಿಗೆ ಬಂದಾಗ ಪದಕ್ಕೆ 'ಕೊರತೆ' ಎಂಬ ಅರ್ಥವಿತ್ತು; ಷೇಕ್ಸ್‌ಪಿಯರನ ಕಾಲದಲ್ಲೂ ಆ ಅರ್ಥ ಬಳಕೆಯಲ್ಲಿತ್ತು. ಇಂಗ್ಲೆಂಡಿಗೆ ಬಂದ ಹೊಸತರಲ್ಲಿ ಪದದ ನಡುವೆ ಲಕಾರವೇ ಇರಲಿಲ್ಲ. ಲ್ಯಾಟಿನ್ ಬಲ್ಲ ವಿದ್ವಾಂಸರು ಮೂಲಕ್ಕೆ ಗೌರವ ತೋರಿಸಲೆಂದು ಬರಹದಲ್ಲಿ ಅದನ್ನು ಸೇರಿಸಿದರು. ಜನರ ನಾಲಿಗೆ ಬಹುಕಾಲ ಅದಕ್ಕೆ ಮಣಿಯಲಿಲ್ಲ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ನಿಘಂಟಿನಲ್ಲಿ, ಮಾತಿನಲ್ಲಿ ಈ ಅಕ್ಷರವನ್ನು ಸಾಮಾನ್ಯವಾಗಿ ನುಂಗಿಬಿಡುತ್ತಾರೆ ಎಂದೇ ಬರೆದ. ಕೊನೆಗೆ ಗೆದ್ದದ್ದು ಬರಹ. ಕೊರತೆಯನ್ನು ಹೇಳುವ ಪದಕ್ಕೇ ಇಂಥ ತಿದ್ದುಪಡಿ ಅಂಟಿಕೊಂಡು, ಅದೇ ಶುದ್ಧ ಉಚ್ಚಾರಣೆಯಾಯಿತಲ್ಲ! ಇಂಗ್ಲಿಷಿನ ಕಾಗುಣಿತವನ್ನು ಶಪಿಸುವ ಮಕ್ಕಳ ಬಗ್ಗೆ ನನಗೆ ಪೂರ್ಣ ಸಹಾನುಭೂತಿಯಿದೆ.

ಟೆನಿಸಿನ ಫಾಲ್ಟು ಎಲ್ಲರಿಗೂ ಗೊತ್ತು, ಅದಿರಲಿ. ನನ್ನನ್ನು ಹಿಡಿದು ನಿಲ್ಲಿಸಿದವರು ಇಂಗ್ಲೆಂಡಿನ ಬೇಟೆಗಾರರು. ಓಡುತ್ತಿದ್ದ ಬೇಟೆನಾಯಿಗೆ ಮಿಗದ ವಾಸನೆ ತಪ್ಪಿಹೋಗಿ ಅದು ನಿಂತಲ್ಲೇ ಸುತ್ತತೊಡಗಿದರೆ, ನಾಯಿ 'ಫಾಲ್ಟ್'ನಲ್ಲಿದೆ ಎನ್ನುತ್ತಿದ್ದರು. ಅಲ್ಲಿ ನಾಯಿಯ ಮೇಲೆ ದೂರಿಲ್ಲ. ಜಾಡು ತಪ್ಪಿದೆ, ಅಷ್ಟೆ.

ಅಲ್ಲಿನ ಕಲ್ಲಿದ್ದಲು ಗಣಿಗಳವರದೂ ಇದೇ ಅನುಭವ. ಪದರದ ಬೆನ್ನು ಹಿಡಿದು ಸುರಂಗ ಕೊರೆಯುತ್ತಿರುವಾಗ ಒಮ್ಮೆಲೇ ಕಲ್ಲಿದ್ದಲು ಮಾಯ, ಎದುರಿಗೆ ಬರಿ ಬಂಡೆ. ಅದನ್ನವರು ಫಾಲ್ಟ್ ಎಂದರು. ನಾವು ಶಾಲೆಯಲ್ಲಿ 'ಸ್ತರಭಂಗ' ಎಂದು ಕಲಿತದ್ದು ಇದನ್ನೇ. ಭೂವಿಜ್ಞಾನಿಗಳು ಪದವನ್ನು ಪಡೆದದ್ದು ಈ ಗಣಿಗಾರರಿಂದ ಎಂಬುದು ನನಗೆ ಹೆಮ್ಮೆಯ ಸಂಗತಿ. ಕ್ಯಾಲಿಫೋರ್ನಿಯಾದ ಸ್ಯಾನ್ ಆಂಡ್ರಿಯಾಸ್ ಫಾಲ್ಟ್ 1906ರಲ್ಲಿ ಸರಿದು ಸ್ಯಾನ್‌ಫ್ರಾನ್ಸಿಸ್ಕೊ ನಗರವನ್ನು ಕೆಡವಿದಾಗ, ಆ ಹೆಸರಿನಲ್ಲೂ ಇದ್ದದ್ದು ಅವರದೇ ಪದ.

ಆದರೆ ಗಣಿಗಾರ ಅಲ್ಲಿಗೇ ಕೈಚೆಲ್ಲುತ್ತಿರಲಿಲ್ಲ. ಪದರ ಮುಗಿದಿಲ್ಲ, ಬಂಡೆಯ ಬಿರುಕಿನಗುಂಟ ಜರುಗಿದೆ ಎಂದು ಅವನಿಗೆ ಗೊತ್ತು. ದೀಪ ಎತ್ತಿ ಬಿರುಕಿನ ಓರೆಯನ್ನು ನೋಡುತ್ತಿದ್ದ. ಅದು ತನ್ನಿಂದ ಆಚೆಗೆ ಇಳಿಜಾರಾಗಿದ್ದರೆ ಪದರವನ್ನು ಕೆಳಗೆ ಹುಡುಕುವುದು, ತನ್ನ ಕಡೆಗೆ ಬಾಗಿ ಇಳಿದಿದ್ದರೆ ಮೇಲೆ. ಸಾಮಾನ್ಯವಾಗಿ ಕಲ್ಲಿದ್ದಲು ಆ ಕಡೆಯೇ ಸಿಗುತ್ತಿತ್ತು.