ಮಾತ್ರೆಯ ಉಷ್ಣ ಅಲ್ಲ ಅದು

ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಮೈಮೇಲೆ ಏನೇ ಕೆಂಪಗೆ ಎದ್ದರೂ ಕಾರಣ ಹೇಳುವವರಿಗೆ ಬರವಿಲ್ಲ. ಒಬ್ಬರಿಗೆ ಅದು ಉಷ್ಣ, ಇನ್ನೊಬ್ಬರಿಗೆ ನಂಜು, ಮತ್ತೊಬ್ಬರಿಗೆ ನಾಗದೋಷ. ಆದರೆ ಕುಷ್ಠರೋಗಕ್ಕೆ ಮಾತ್ರೆ ತಿನ್ನುತ್ತಿರುವವರ ವಿಷಯದಲ್ಲಿ ಈ ಮಾತುಗಳಿಂದಾಗುವ ತಡ, ಬೆರಳಿನ ಶಕ್ತಿಯನ್ನೇ ಕಸಿದುಕೊಳ್ಳಬಹುದು.

ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ ಬೀಡಿ ಕಟ್ಟುವ ಅಕ್ಕ ಒಬ್ಬರಿದ್ದಾರೆ. ಹೆಸರು ಬೇಡ. ಮುಂಗೈಯಲ್ಲಿ ಮುಟ್ಟಿದರೂ ಗೊತ್ತಾಗದ ತಾಮ್ರ ಬಣ್ಣದ ಮಚ್ಚೆಗಳಿದ್ದವು. ಪರೀಕ್ಷೆಯಾಗಿ, ಸರಕಾರ ಉಚಿತವಾಗಿ ಕೊಡುವ ಎಂಡಿಟಿ ಮಾತ್ರೆ ಶುರುವಾಯಿತು. ಮೂರನೇ ತಿಂಗಳಿಗೆ ಆ ಮಚ್ಚೆಗಳೇ ಕೆಂಪಾಗಿ ಊದಿಕೊಂಡವು. ಮೊಣಕೈಯ ಒಳಬದಿ ಮುಟ್ಟಿದರೆ ಜೀವ ಹೋಗುವಷ್ಟು ನೋವು. ಕಿರುಬೆರಳು ಮಾತು ಕೇಳದೆ ಬೀಡಿಗೆ ನೂಲು ಸುತ್ತುವುದೇ ಕಷ್ಟವಾಯಿತು. "ಮಾತ್ರೆ ಮೈಗೆ ಹಿಡಿಸ್ಲಿಲ್ಲ, ಉಷ್ಣ ಆಯ್ತು" ಎಂದು ಮನೆಯವರು ತೀರ್ಮಾನಿಸಿದರು. ಮಾತ್ರೆ ಕಪಾಟು ಸೇರಿತು.

ಮನೆಗೆ ಬಂದ ಆಶಾ ಕಾರ್ಯಕರ್ತೆ, "ಅಕ್ಕ, ಬೆರಳು ಅಗಲ ಮಾಡಿ ನೋಡುವ" ಎಂದರು. ಕಿರುಬೆರಳು ಸರಿಯಲಿಲ್ಲ. "ಇದು ಉಷ್ಣ ಅಲ್ಲ, ರಿಯಾಕ್ಷನ್. ನಾಳೆ ಬೆಳಿಗ್ಗೆಯೇ ಆಸ್ಪತ್ರೆಗೆ ಹೋಗುವ." ನಾನೂ ಜೊತೆಗೆ ಹೋದೆ.

ಕುಷ್ಠದ ರೋಗಾಣು ಚರ್ಮದಲ್ಲಿ, ನರಗಳಲ್ಲಿ ನೆಲೆಸುತ್ತದೆ. ಮಾತ್ರೆಯಿಂದ ಸತ್ತರೂ ಅದರ ಚೂರುಗಳು ಬಹುಕಾಲ ಉಳಿಯುತ್ತವೆ. ನಮ್ಮದೇ ರೋಗನಿರೋಧಕ ಶಕ್ತಿ ಅವುಗಳ ಮೇಲೆ ಏಕಾಏಕಿ ಮುಗಿಬಿದ್ದಾಗ ಚರ್ಮ, ನರ ಊದಿಕೊಳ್ಳುತ್ತವೆ. ಚಿಕಿತ್ಸೆಗೆ ಮೊದಲು, ಚಿಕಿತ್ಸೆಯ ನಡುವೆ, ಮುಗಿದ ಮೇಲೂ ಇದು ಬರಬಹುದು. ರೋಗ ಮರುಕಳಿಸಿತು ಎಂದು ಅರ್ಥವಲ್ಲ.

ಇದರಲ್ಲಿ ಎರಡು ಬಗೆ. ಮೊದಲನೆಯದು ಅಕ್ಕನಿಗೆ ಬಂದದ್ದು: ಹಳೆಯ ಮಚ್ಚೆ ಕೆಂಪಾಗಿ ಊದುವುದು, ನರ ನೋಯುವುದು, ಕೈಕಾಲಿನ ಬಲ ಕುಂದುವುದು. ಎರಡನೆಯದರಲ್ಲಿ ಮಚ್ಚೆ ಇಲ್ಲದ ಕಡೆಯೂ ನೋಯುವ ಕೆಂಪು ಗಂಟುಗಳು ಏಳುತ್ತವೆ. ಜ್ವರ, ಕೀಲುನೋವು, ಕೆಲವೊಮ್ಮೆ ಕಣ್ಣು ಕೆಂಪಾಗಿ ನೋವು. ಮೈಯೆಲ್ಲ ತುರಿಕೆಯ ದದ್ದು ಎದ್ದರೆ ಅದು ಮಾತ್ರೆಯ ಅಲರ್ಜಿಯೂ ಇರಬಹುದು. ಆಗ ಮಾತ್ರೆ ನಿಲ್ಲಿಸಬೇಕಾಗುತ್ತದೆ. ಆದ್ದರಿಂದ ಯಾವುದೆಂದು ಹೇಳಬೇಕಾದದ್ದು ವೈದ್ಯರು, ಅದೂ ಅದೇ ದಿನ.

ರಿಯಾಕ್ಷನ್ ಎಂದು ಖಚಿತವಾದರೆ ಎಂಡಿಟಿ ನಿಲ್ಲಿಸುವುದಿಲ್ಲ. ನರಕ್ಕೆ ಪೆಟ್ಟು ಬಿದ್ದಿದ್ದರೆ ಜೊತೆಗೆ ಪ್ರೆಡ್ನಿಸೊಲೋನ್ ಕೊಡುತ್ತಾರೆ. ದೊಡ್ಡವರಿಗೆ ಸಾಮಾನ್ಯವಾಗಿ ದಿನಕ್ಕೆ 40 ಮಿಲಿಗ್ರಾಂನಿಂದ ಶುರುಮಾಡಿ, ವಾರಗಳ ಲೆಕ್ಕದಲ್ಲಿ ಇಳಿಸುತ್ತಾ ಬರುತ್ತಾರೆ. 12 ವಾರ, ಕೆಲವರಿಗೆ ಇನ್ನೂ ಹೆಚ್ಚು. ಇದು ಸ್ಟೀರಾಯ್ಡ್. ಸಕ್ಕರೆ ಕಾಯಿಲೆ, ಕ್ಷಯ, ರಕ್ತದೊತ್ತಡ ಇದೆಯೇ ಎಂದು ನೋಡಿಯೇ ಕೊಡಬೇಕು. ಮೆಡಿಕಲ್ ಶಾಪಿನಿಂದ ತಾವೇ ತಂದು ತಿನ್ನುವುದೂ, ನೋವು ಇಳಿಯಿತೆಂದು ಏಕಾಏಕಿ ಬಿಡುವುದೂ ಅಪಾಯ. ಎರಡನೇ ಬಗೆ ಮತ್ತೆ ಮತ್ತೆ ಕಾಡಿದರೆ ಕ್ಲೋಫಾಜಿಮಿನ್ ಸೇರಿಸುವುದುಂಟು. ಥಾಲಿಡೊಮೈಡ್ ಕೂಡ ಇದೆ, ಆದರೆ ಗರ್ಭದಲ್ಲಿರುವ ಮಗುವಿಗೆ ಅದು ಭೀಕರ ಹಾನಿ ಮಾಡುತ್ತದೆ.

ನರದ ತೊಂದರೆ ಶುರುವಾಗಿ ಆರು ತಿಂಗಳೊಳಗೆ ಚಿಕಿತ್ಸೆ ಸಿಕ್ಕರೆ ಚೇತರಿಕೆಯ ಸಾಧ್ಯತೆ ಹೆಚ್ಚು. ಬೇಗ ಸಿಕ್ಕಷ್ಟೂ ಒಳ್ಳೆಯದು. ಅಕ್ಕನ ಕೈಗೆ ಬಲ ಬಹುಪಾಲು ಮರಳಿತು. ಮೊದಲಿನಷ್ಟು ಬೀಡಿ ಆಗುವುದಿಲ್ಲ, ಆದರೆ ತಡ್ಪೆ ಮತ್ತೆ ಮಡಿಲಿಗೆ ಬಂದಿದೆ.

2005ರ ಕೊನೆಗೆ ದೇಶದಲ್ಲಿ ಕುಷ್ಠರೋಗ 10,000 ಜನರಿಗೆ ಒಂದಕ್ಕಿಂತ ಕೆಳಗೆ ಇಳಿಯಿತು. ಅದನ್ನೇ "ಕುಷ್ಠ ಈಗ ಇಲ್ಲ" ಎಂದು ನಾವು ಕೇಳಿಸಿಕೊಂಡೆವು. ಪ್ರತಿ ಜನವರಿ 30ರಂದು ಮಚ್ಚೆ ಇದೆಯೇ ನೋಡಿಕೊಳ್ಳಿ ಎಂದು ಜಾಗೃತಿ ಮೂಡಿಸುತ್ತೇವೆ. ಒಳ್ಳೆಯದೇ. ಅದರ ಜೊತೆಗೆ, ಮಾತ್ರೆ ತಿನ್ನುತ್ತಿರುವವರಿಗೆ, ತಿಂದು ಮುಗಿಸಿದವರಿಗೆ ಇನ್ನೊಂದು ಮಾತು ಹೇಳಬೇಕು: ಮಚ್ಚೆ ಕೆಂಪಾದರೆ, ನರ ನೋವಾದರೆ, ಬೆರಳಿನ ಬಲ ಹೋದರೆ, ಕಣ್ಣು ಕೆಂಪಾದರೆ ಕಾಯಬೇಡಿ. ಹರಕೆ ಹೇಳಿಕೊಳ್ಳುವವರು ಹೇಳಿಕೊಳ್ಳಲಿ, ಆದರೆ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಹೇಳಿಕೊಳ್ಳಲಿ.