ಊಟದ ಮೇಜಿನ ಮೇಲೊಂದು ಬಾಗಿಲು

ಇಲ್ಲಿ ಬರೆಯದೆ ಆರು ತಿಂಗಳ ಮೇಲಾಯಿತು. "ಎಲ್ಲಿ ನಾಪತ್ತೆ ಮಾರಾಯ?" ಅಂತ ಇಬ್ಬರು ಮೂವರು ಕೇಳಿಯೂ ಕೇಳಿದರು. ಕಾರಣ ಹೇಳಿದರೆ ನಗಬೇಡಿ.. ಒಂದು ಬಾಗಿಲು ರಿಪೇರಿ ಮಾಡ್ತಾ ಇದ್ದೆ. ಹೌದು, ಒಂದೇ ಬಾಗಿಲು. ಅದೂ ಐದೂವರೆ ಅಡಿ ಎತ್ತರ, ಎರಡಡಿಗೂ ಕಮ್ಮಿ ಅಗಲದ್ದು :)

ನಮ್ಮ ಕಡೆ ಕ್ಯಾರವಾನ್ ಅಂದರೆ ಸಿನಿಮಾ ಶೂಟಿಂಗಿನಲ್ಲಿ ಹೀರೋ ಕೂರುವ ಎಸಿ ಬಸ್ಸು. ಇಂಗ್ಲೆಂಡಿನಲ್ಲಿ ಹಾಗಲ್ಲ. ಎಂಜಿನ್ ಇಲ್ಲದ, ಗಾಲಿ ಮೇಲಿನ ಪುಟ್ಟ ಮನೆ. ಕಾರಿನ ಹಿಂದೆ ಸಿಕ್ಕಿಸಿ ಎಳೆದುಕೊಂಡು ಹೋಗೋದು. ಒಳಗೆ ಗ್ಯಾಸ್ ಒಲೆ, ಸಿಂಕು, ಹಗಲು ಸೋಫಾ ಆಗಿ ರಾತ್ರಿ ಮಂಚ ಆಗುವ ಸೀಟುಗಳು. ಈ ಹುಚ್ಚು ಇಲ್ಲಿಯವರಿಗೆ ಹಳೆಯದು. ನೌಕಾಪಡೆಯಲ್ಲಿ ಡಾಕ್ಟರಾಗಿದ್ದ ಗಾರ್ಡನ್ ಸ್ಟೇಬಲ್ಸ್ ಅನ್ನೋ ಮಹಾನುಭಾವ 1885ರಲ್ಲಿ ಬ್ರಿಸ್ಟಲ್‌ನಲ್ಲಿ 'ವಾಂಡರರ್' ಅಂತ ಒಂದು ಬಂಡಿ ಕಟ್ಟಿಸಿ, ಎರಡು ಕುದುರೆ ಹೂಡಿ, ಬರೀ ಖುಷಿಗೋಸ್ಕರ ದೇಶ ಸುತ್ತಿದ. ಮಾರನೇ ವರ್ಷ ಅದರ ಬಗ್ಗೆ ಪುಸ್ತಕವನ್ನೂ ಬರೆದ. (ಒಂಥರಾ ಬ್ಲಾಗರೇ!) ಕಾರಿಗೆ ಕಟ್ಟಿ ಎಳೆಯುವ ಕ್ಯಾರವಾನುಗಳು 1919ರಿಂದ ಮಾರಾಟಕ್ಕೆ ಬಂದವು. ಐವತ್ತು, ಅರವತ್ತರ ದಶಕದ ಹೊತ್ತಿಗೆ ಮಧ್ಯಮ ವರ್ಗದ ಮನೆಮನೆಯ ರಜಾ ಕನಸು ಅದೇ ಆಗಿತ್ತು.

ನಮಗೆ ಸಿಕ್ಕಿದ್ದು 1972ರದ್ದು. ಲೀಡ್ಸ್ ಹತ್ತಿರದ ನಮ್ಮ ಊರಿನಲ್ಲಿ ಪಕ್ಕದ ಬೀದಿಯ ಅಜ್ಜ ಒಬ್ಬರು 2022ರಲ್ಲಿ ಅದನ್ನು ನಮಗೆ ಕೊಟ್ಟರು. ಅವರ ಹೆಂಡತಿ ತೀರಿಕೊಂಡ ಮೇಲೆ ಅದು ಅಂಗಳದಲ್ಲೇ ನಿಂತಿತ್ತು. 2021ರ ಡಿಸೆಂಬರಿನಲ್ಲಿ ಇಲ್ಲಿ ಕಾನೂನು ಸಡಿಲವಾಗಿ, ಮಾಮೂಲಿ ಕಾರು ಲೈಸೆನ್ಸಿನಲ್ಲೇ ಮೂರೂವರೆ ಟನ್‌ವರೆಗಿನ ಟ್ರೇಲರ್ ಎಳೆಯಬಹುದು ಅಂತಾಯಿತು. ನನಗೂ ಧೈರ್ಯ ಬಂತು. ಹೆಚ್ಚು ದುಡ್ಡು ಕೇಳಲಿಲ್ಲ ಅಜ್ಜ. ಒಂದೇ ಷರತ್ತು: "ದಯವಿಟ್ಟು ಕೋಳಿಗೂಡು ಮಾಡಬೇಡ." ಹಳೇ ಕ್ಯಾರವಾನುಗಳಿಗೆ ಇಲ್ಲಿ ಬಹಳಷ್ಟು ಸಲ ಅದೇ ಗತಿಯಂತೆ.

ಕೋಳಿಗೂಡೇನೋ ಮಾಡಲಿಲ್ಲ. ಆದರೆ ಅದಕ್ಕಿಂತ ಕೆಟ್ಟ ಕೆಲಸ ಮಾಡಿದೆ. ಬಾಗಿಲ ಬುಡದಲ್ಲಿ ನೀರು ಜಿನುಗ್ತಾ ಇದೆ ಅಂತ ಸುತ್ತ ಒಂದು ಟ್ಯೂಬ್ ಸಿಲಿಕೋನ್ ಮೆತ್ತಿದೆ. ಮೇಲೆ ಟಾರ್ಪಾಲು ಹೊದಿಸಿದೆ. 'ಮುಂದಿನ ಬೇಸಿಗೆ' ಅಂದುಕೊಂಡು ಎರಡು ವರ್ಷ ಮುಟ್ಟಲಿಲ್ಲ.

2024ರ ಮಳೆಗಾಲದಲ್ಲಿ ಅಮ್ಮ ಹೋದರು. ಡಿಸೆಂಬರಿನಲ್ಲಿ ಅಪ್ಪಯ್ಯನನ್ನು ಇಲ್ಲಿಗೆ ಕರೆಸಿಕೊಂಡೆ. ವಿಸಿಟರ್ ವೀಸಾ, ಹೆಚ್ಚೆಂದರೆ ಆರು ತಿಂಗಳು. ತೀರ್ಥಹಳ್ಳಿ ಹತ್ತಿರದ ಮನೆಗೆ ಬೀಗ ಹಾಕಿ ಬಂದಿದ್ದರು. ಎಪ್ಪತ್ತಾರು ವರ್ಷ ಒಂದೇ ಮನೆಯಲ್ಲಿದ್ದ ಮನುಷ್ಯ. ಇಲ್ಲಿ ನಾಲ್ಕು ಗಂಟೆಗೇ ಕತ್ತಲು. ಹೀಟರ್ ಪಕ್ಕ ಕುರ್ಚಿ ಹಾಕಿಕೊಂಡು ಕಿಟಕಿಯಿಂದ ಬೀದಿ ನೋಡ್ತಾ ಕೂತಿರೋರು. ಟಿವಿ ಹಾಕಿದರೆ ಬೇಡ. ಕನ್ನಡದ ಪುಸ್ತಕ ಕೊಟ್ಟರೆ ಎರಡು ಪುಟ ಓದಿ ಮಡಿಸಿಡೋರು. "ಆರಾಮಿದೀನಿ ಮಾರಾಯ, ನೀ ಕೆಲಸಕ್ಕೆ ಹೋಗು" ಅನ್ನೋರು.

ಕ್ಯಾರವಾನ್ ನೆನಪಾಗಿದ್ದು ಆಗ. ಹೋಟೆಲ್ ವಾಸ ಅಪ್ಪಯ್ಯನಿಗೆ ಆಗಲ್ಲ, ಊಟ ಸೇರಲ್ಲ. ಇದರಲ್ಲಾದರೆ ಅಲ್ಲೇ ಅನ್ನ ಸಾರು ಮಾಡಿಕೊಂಡು ಸಮುದ್ರದ ಹತ್ತಿರ ಎರಡು ದಿನ ಇದ್ದು ಬರಬಹುದಲ್ಲ? ಟಾರ್ಪಾಲು ತೆಗೆದೆ. ಬಾಗಿಲು ತೆಗೆಯಲು ಹೋದರೆ ಅರ್ಧಕ್ಕೆ ಬಂದು ನಿಂತಿತು. ಎಳೆದೆ. ಬಂತು. ಆದರೆ ಮತ್ತೆ ಕೂರಲಿಲ್ಲ. ಕೆಳಗಿನ ಮೂಲೆ ಉಬ್ಬಿ ಹೋಗಿತ್ತು.

ಬೇರೆ ಬಾಗಿಲು ಹಾಕಿಸೋಣ ಅಂತ ವಿಚಾರಿಸಿದೆ. ಹೊಸದು ಮಾಡಿಸಿದರೆ ಕ್ಯಾರವಾನಿಗೆ ಕೊಟ್ಟಿದ್ದಕ್ಕಿಂತ ಹೆಚ್ಚು! ಗುಜರಿಯಲ್ಲಿ ಹಳೇ ಬಾಗಿಲು ಸಿಗುತ್ತವೆ, ಆದರೆ ಈ ಬಾಗಿಲಿನ ಮೇಲಿನ ಎರಡು ಮೂಲೆಗಳು ದುಂಡಗಿವೆ. ಆ ದುಂಡು ಒಂದೊಂದು ಮಾಡೆಲಿಗೆ ಒಂದೊಂದು ಥರ. ಐದು ಮಿಲಿಮೀಟರ್ ಹೆಚ್ಚುಕಮ್ಮಿ ಆದರೂ ಮಳೆ ನೀರು ಒಳಗೆ. ಸರಿ, ಉಬ್ಬಿದ ಮೂಲೆಯನ್ನು ಕೀಸಿ ಕೂರಿಸೋಣ ಅಂತ ಒಂದು ಶನಿವಾರ ಕೀಸುಳಿ ಹಿಡಿದು ನಿಂತೆ.

ಹಿಂದಿನಿಂದ ದನಿ ಬಂತು. "ಕೀಸಬೇಡ್ವೋ. ಕೀಸಿದ್ದು ವಾಪಸ್ ಬರಲ್ಲ."

ನೋಡಿದರೆ ಅಪ್ಪಯ್ಯ. ಮಂಕಿ ಕ್ಯಾಪು, ಪಂಚೆಯ ಒಳಗೆ ಥರ್ಮಲ್ ಪ್ಯಾಂಟು, ಮೇಲೆ ನನ್ನ ಹಳೇ ಜಾಕೆಟ್ಟು. ಬಂದು ಹದಿನೈದು ದಿನವಾದ ಮೇಲೆ ಮೊದಲ ಸಲ ತಾವಾಗಿಯೇ ಹೊರಗೆ ಬಂದಿದ್ದರು. ಅಪ್ಪಯ್ಯ ಆಚಾರಿ ಏನಲ್ಲ, ಅಡಿಕೆ ತೋಟದವರು. ಆದರೆ ಮಲೆನಾಡಿನ ರೈತನಿಗೆ ಅರ್ಧ ಆಚಾರಿಕೆ ಬಂದೇ ಬರುತ್ತೆ, ಬರದಿದ್ದರೆ ಮಳೆಗಾಲ ಕಳೆಯೋದು ಹೇಗೆ?

ಬಾಗಿಲನ್ನು ಅವರು ಮುಟ್ಟಲೇ ಇಲ್ಲ. ಸುತ್ತ ಒಂದು ಸುತ್ತು ಬಂದರು. ಬಗ್ಗಿ ಅಡಿಗೆ ನೋಡಿದರು. "ಈ ಕಾಲು ಯಾಕೆ ಇಷ್ಟು ಬಿಗಿ ಮಾಡಿದೀಯ?" ಅಂದರು. ಕ್ಯಾರವಾನಿನ ನಾಲ್ಕು ಮೂಲೆಗೆ ತಿರುಗಿಸಿ ಇಳಿಸುವ ಕಾಲುಗಳಿರುತ್ತವೆ. ಅವು ಭಾರ ಹೊರೋದಕ್ಕಲ್ಲ, ಅಲುಗಾಡದ ಹಾಗೆ ಆನಿಸೋದಕ್ಕೆ ಮಾತ್ರ. ನಮ್ಮ ಅಂಗಳ ಇಳಿಜಾರು ಅಂತ ನಾನು ಒಂದು ಮೂಲೆಯನ್ನು ಜ್ಯಾಕಿನ ಹಾಗೆ ಎತ್ತಿ ಇಟ್ಟುಬಿಟ್ಟಿದ್ದೆ. ಇಡೀ ಡಬ್ಬಿಯೇ ತಿರುಚಿಕೊಂಡಿತ್ತು. ಕಾಲು ಸಡಿಲಿಸಿ, ಗಾಲಿಯ ಕೆಳಗೆ ಹಲಗೆ ಕೊಟ್ಟು, ರಸಮಟ್ಟ ಇಟ್ಟು ನೋಡಿದೆವು. ಬಾಗಿಲು ಮುಕ್ಕಾಲು ಪಾಲು ತಾನಾಗಿ ಕೂತಿತು!

"ಬಾಗಿಲು ಸರಿ ಇತ್ತು, ಮನೆ ಸೊಟ್ಟ ಆಗಿತ್ತು" ಅಂದರು ಅಪ್ಪಯ್ಯ. ಎಷ್ಟೋ ತಿಂಗಳ ಮೇಲೆ ಸಣ್ಣಗೆ ನಕ್ಕಿದ್ದನ್ನು ನೋಡಿದೆ.

ಉಳಿದ ಕಾಲು ಪಾಲಿಗೆ ಮಾತ್ರ ಬಾಗಿಲು ಬಿಚ್ಚಲೇಬೇಕಾಯಿತು. ಬಿಜಾಗರಿಯ ಸ್ಕ್ರೂಗಳು ಸುಲಭಕ್ಕೆ ಬರಲಿಲ್ಲ. ಅವುಗಳ ಸುತ್ತ ಬಿಳೀ ಪುಡಿ. ಅಲ್ಯೂಮಿನಿಯಂ ಮತ್ತು ಕಬ್ಬಿಣದ ಮಧ್ಯೆ ನೀರು ಸೇರಿದರೆ ಒಂದು ಸಣ್ಣ ಬ್ಯಾಟರಿ ಆದ ಹಾಗೆ, ಅಲ್ಯೂಮಿನಿಯಂ ಸವೆದು ಪುಡಿಯಾಗುತ್ತಾ ಹೋಗುತ್ತೆ. ಅದಕ್ಕೇ ಈಗ ಸ್ಟೇನ್‌ಲೆಸ್ ಸ್ಕ್ರೂ ಹಾಕಿ, ಮಧ್ಯೆ ಅಂಟಿನ ಪಟ್ಟಿ ಕೊಡೋದು. ಬಾಗಿಲಿನ ಹೊರಗೆ ತೆಳು ಅಲ್ಯೂಮಿನಿಯಂ ತಗಡು, ಒಳಗೆ ಪ್ಲೈವುಡ್ಡು, ನಡುವೆ ಮರದ ಚೌಕಟ್ಟು, ಚೌಕಟ್ಟಿನ ಸಂದಿಗೆ ಥರ್ಮೋಕೋಲ್. ಅಷ್ಟೇ. ಮೇಲಿಂದ ಸ್ಯಾಂಡ್‌ವಿಚ್ ಹಾಗೆ ಬಿಡಿಸುತ್ತಾ ಬಂದೆವು. ಮೇಲಿನ ಅರ್ಧ ಐವತ್ತು ವರ್ಷವಾದರೂ ಗಟ್ಟಿಮುಟ್ಟು. ಕೆಳಗಿನ ಅಡ್ಡಪಟ್ಟಿ ಮಾತ್ರ ಕೈಯಲ್ಲಿ ಹಿಡಿದರೆ ನೆನೆದ ಅವಲಕ್ಕಿ.

"ಇಲ್ಲಿ ನೀರು ನಿಂತಿದೆ. ಬಂದಿದ್ದು ಎಲ್ಲಿಂದ?" ಅಪ್ಪಯ್ಯನ ಕಣ್ಣು ಮೇಲೆ ಹೋಯಿತು. ಬಾಗಿಲ ಮೇಲಿನ ಗೋಡೆಯಲ್ಲಿ ಮಳೆ ನೀರು ಪಕ್ಕಕ್ಕೆ ಜಾರಲಿ ಅಂತ ಒಂದು ಪಟ್ಟಿ ಇರುತ್ತೆ. ಅದರ ಹಿಂದಿನ ಅಂಟು ಒಣಗಿ ಬಿರುಕು ಬಿಟ್ಟು, ಪಟ್ಟಿ ಜೋತುಬಿದ್ದಿತ್ತು. ಅಲ್ಲಿಂದ ನೀರು ನೇರ ಬಾಗಿಲಿನ ಕಿಟಕಿಗೆ, ಕಿಟಕಿಯ ಒಣಗಿದ ರಬ್ಬರಿನ ಸಂದಿಯಿಂದ ಬಾಗಿಲಿನ ಹೊಟ್ಟೆಗೆ. ಹಾಗೂ ಬುಡದಿಂದ ಸ್ವಲ್ಪ ಸ್ವಲ್ಪ ಜಿನುಗಿ ಹೊರಗೆ ಹೋಗ್ತಾ ಇತ್ತು ಪಾಪ. ನಾನು ಸಿಲಿಕೋನ್ ಮೆತ್ತಿ ಆ ದಾರಿಯನ್ನೂ ಮುಚ್ಚಿದ್ದೆ. ಸೋರುವುದನ್ನು ನಿಲ್ಲಿಸಿದೆ ಅಂದುಕೊಂಡಿದ್ದೆ, ಕೊಳೆಯುವುದನ್ನು ಶುರು ಮಾಡಿದ್ದೆ. ಆ ಸಿಲಿಕೋನ್ ಕೆರೆದು ತೆಗೆಯೋಕೆ ಎರಡು ಭಾನುವಾರ ಹಿಡಿಯಿತು. ಒಂಚೂರು ಉಳಿದರೂ ಅದರ ಮೇಲೆ ಬೇರೆ ಯಾವ ಅಂಟೂ ಹಿಡಿಯಲ್ಲ, ಬಣ್ಣವೂ ನಿಲ್ಲಲ್ಲ.

ಹಳೇ ಚೌಕಟ್ಟನ್ನು ರಟ್ಟಿನ ಮೇಲೆ ಇಟ್ಟು ಗೆರೆ ಎಳೆದು ಅಚ್ಚು ತೆಗೆದುಕೊಂಡೆವು. ಕೊಳೆತ ಕಡೆಯಷ್ಟೇ ಕೊಯ್ದು ಹೊಸ ಮರ ಕೂಡಿಸೋದು ಅಪ್ಪಯ್ಯನ ತೀರ್ಮಾನ. ಹಳೇ ಮರಕ್ಕೆ ಅರ್ಧ ಕಚ್ಚು, ಹೊಸದಕ್ಕೆ ಅರ್ಧ ಕಚ್ಚು. ಒಂದರ ಮೇಲೊಂದು ಕೂತರೆ ಒಂದೇ ಕೋಲಿನಷ್ಟು ದಪ್ಪ. ಆದರೆ ಅಂಟು? ಐದು ಡಿಗ್ರಿಗಿಂತ ಕಮ್ಮಿ ಚಳಿಯಲ್ಲಿ ಮರದ ಅಂಟು ಸರಿಯಾಗಿ ಹಿಡಿಯಲ್ಲ. ಹೊರಗೆ ಎರಡು ಡಿಗ್ರಿ! ಹಾಗಾಗಿ ಬಾಗಿಲು ನಮ್ಮ ಊಟದ ಮೇಜಿನ ಮೇಲೆ ಬಂದು ಮಲಗಿತು.

ಒಂದು ದಿನ ಅಂದಿದ್ದು ಮೂರು ವಾರ ಆಯಿತು. ಒಂದು ಸಲ ಅಂಟು, ಒಂದು ಸಲ ಥರ್ಮೋಕೋಲ್, ಇನ್ನೊಂದು ಸಲ ಪ್ಲೈವುಡ್ಡು. ಭಾರಕ್ಕೆ ಸೋನಾ ಮಸೂರಿ ಅಕ್ಕಿಯ ಎರಡು ಚೀಲ. "ರೀ, ಅನ್ನಕ್ಕೆ ಇಡಬೇಕು, ನಿಮ್ಮ ಬಾಗಿಲಿನ ಮೇಲಿಂದ ಅಕ್ಕಿ ತಗೋಬಹುದಾ?" ಅಂತ ನನ್ನವಳ ಗೊಣಗಾಟ. ನಾವೆಲ್ಲ ನೆಲದ ಮೇಲೆ ಚಾಪೆ ಹಾಸಿ ಊಟಕ್ಕೆ ಕೂತೆವು. ಮಗಳಿಗೆ ಅದೇ ಪಿಕ್‌ನಿಕ್. ಅಜ್ಜನ ಪಕ್ಕ ಕೂತು ಒಂದೊಂದೇ ಪ್ರಶ್ನೆ ಹಾಕೋಳು. ಅಜ್ಜನೂ ಉತ್ತರ ಕೊಡೋರು. ನಮ್ಮೂರ ಮನೆಯ ಹೆಬ್ಬಾಗಿಲನ್ನು ಹಲಸಿನ ಮರದಲ್ಲಿ ಮಾಡಿದ್ದು, ಮಳೆಗಾಲದಲ್ಲಿ ಅದು ಉಬ್ಬಿ ದಾರಂದಕ್ಕೆ ಕಚ್ಚಿಕೊಳ್ಳೋದು, ಅಮ್ಮ ಅದನ್ನು ಭುಜದಿಂದ ಒತ್ತಿ ತೆಗೀತಿದ್ದಿದ್ದು.. ಅಮ್ಮನ ಹೆಸರು ಆ ದಿನ ಅವರ ಬಾಯಲ್ಲಿ ಬಂತು. ನಾನು ಸಾರು ಬಡಿಸುವ ನೆಪದಲ್ಲಿ ಎದ್ದೆ.

ಈಗ ನಿಮಗೆ ಒಂದು ವಿಷಯ ಹೇಳಬೇಕು. ಅಪ್ಪಯ್ಯ ಬರುವ ಮೊದಲೇ ನಾನೂ ತಂಗಿಯೂ ಫೋನಿನಲ್ಲಿ ಮಾತಾಡಿ ಒಂದು ನಿರ್ಧಾರ ಮಾಡಿದ್ದೆವು. ಊರ ಮನೆ ಮಾರೋದು, ಶಿವಮೊಗ್ಗದಲ್ಲಿ ತಂಗಿ ಮನೆ ಹತ್ತಿರ ಒಂದು ಫ್ಲಾಟ್ ಮಾಡಿಕೊಡೋದು. ಬೆಂಗಳೂರಿನವರೊಬ್ಬರು ಹೋಂಸ್ಟೇ ಮಾಡ್ತೀವಿ ಅಂತ ಕೇಳಿದ್ದರು. ಅಪ್ಪಯ್ಯನಿಗೆ ಹೇಳುವ ಕೆಲಸ ನನ್ನದು. ಆರು ತಿಂಗಳಿದೆಯಲ್ಲ, ನಿಧಾನಕ್ಕೆ ಹೇಳಿದರಾಯಿತು ಅಂದುಕೊಂಡಿದ್ದೆ.

ಮಾರ್ಚಿ ಕೊನೆಗೆ ಬಾಗಿಲು ಕೂರಿಸಿದೆವು. ಸುತ್ತ ಸಮನಾಗಿ ಸಂದು ಉಳಿಯಲಿ ಅಂತ ಅಪ್ಪಯ್ಯ ರಟ್ಟಿನ ತುಂಡುಗಳನ್ನು ಸಿಕ್ಕಿಸಿ ಹಿಡಿದರು, ನಾನು ಸ್ಕ್ರೂ ತಿರುಗಿಸಿದೆ. ಹೊಸ ರಬ್ಬರು, ಮೇಲೆ ಪಟ್ಟಿಗೆ ಗಟ್ಟಿಯಾಗಿ ಒಣಗದ ಅಂಟು. ಬುಡದಲ್ಲಿ ನೀರು ಹೋಗಲಿಕ್ಕೆ ಬೇಕೆಂದೇ ಎರಡು ಸಣ್ಣ ತೂತು. ಹಾಕಿದರೆ ಟಕ್ ಅಂತ ಒಂದೇ ಸದ್ದು. ಪಕ್ಕದ ಬೀದಿಯ ಅಜ್ಜನನ್ನು ಕರೆದು ತೋರಿಸಿದೆ. ಆತ ಏನೂ ಹೇಳದೆ ನಾಲ್ಕು ಸಲ ತೆಗೆದು ಹಾಕಿ ನೋಡಿದರು. ಆಮೇಲೆ ಅಪ್ಪಯ್ಯನ ಕೈ ಕುಲುಕಿದರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರಲ್ಲ.

ಏಪ್ರಿಲ್‌ನಲ್ಲಿ ವಿಟ್ಬಿಗೆ ಹೋದೆವು, ಯಾರ್ಕ್‌ಶೈರಿನ ಕಡಲ ತೀರದ ಊರು. ಎರಡನೇ ದಿನ ಬೆಳಿಗ್ಗೆ ಚಳಿಗೆ ಎಚ್ಚರವಾಯಿತು. ನೋಡಿದರೆ ಬಾಗಿಲು ಹಾರುಹೊಡೆದಿದೆ, ಅಪ್ಪಯ್ಯ ಮೆಟ್ಟಿಲ ಮೇಲೆ ಕಾಫಿ ಲೋಟ ಹಿಡಿದು ಕೂತಿದ್ದಾರೆ.

"ಬಾಗ್ಲು ಹಾಕಿ ಅಪ್ಪಯ್ಯ, ಚಳಿ."

"ಸ್ವಲ್ಪ ಗಾಳಿಯಾಡಲಿ ಬಿಡು. ಎರಡು ವರ್ಷ ಮುಚ್ಚಿಟ್ಟಿದ್ದಕ್ಕೇ ಅಲ್ವಾ ಇದು ಹಿಂಗಾಗಿದ್ದು." ಸ್ವಲ್ಪ ಹೊತ್ತು ಬಿಟ್ಟು, "ಅಲ್ಲಿ ಮನೆ ಮುಚ್ಚಿ ಐದನೇ ತಿಂಗಳು. ಮಳೆ ಹಿಡಿಯೋದ್ರೊಳಗೆ ಹೋಗಿ ಬಾಗಿಲು ತೆಗೀಬೇಕು" ಅಂದರು.

ಹೇಳಬೇಕು ಅಂತಿದ್ದ ಮಾತು ನಾಲಿಗೆ ತುದಿಯಲ್ಲೇ ಇತ್ತು. ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

ಮೇ ಕೊನೆಯಲ್ಲಿ ಹೋದರು. ತಂಗಿ ನನ್ನನ್ನು ಬೈತಿದ್ದಾಳೆ. "ನೀನು ಅಲ್ಲಿ ಆರಾಮಿದೀಯ, ರಾತ್ರಿ ಅವರಿಗೆ ಏನಾದ್ರೂ ಆದ್ರೆ ಓಡಬೇಕಾದ್ದು ನಾನು" ಅಂತಾಳೆ. ಅವಳು ಹೇಳೋದು ಸುಳ್ಳಲ್ಲ. ಇದಕ್ಕೆ ನನ್ನ ಹತ್ತಿರ ಉತ್ತರವೂ ಇಲ್ಲ. ಆದರೆ ಒಬ್ಬ ಮನುಷ್ಯನನ್ನು ಕೀಸಿ ಫ್ಲಾಟಿಗೆ ಕೂರಿಸೋ ಮುಂಚೆ ಇನ್ನೊಂದು ಸುತ್ತು ಬಂದು ನೋಡೋಣ ಅನ್ನಿಸಿದೆ. ಅಕ್ಟೋಬರಿಗೆ ಟಿಕೆಟ್ ಮಾಡಿಸಿದ್ದೇನೆ, ಒಂದು ತಿಂಗಳು ಅಲ್ಲೇ ಇರ್ತೀನಿ. ಮೂರು ಜನ ಎದುರು ಬದುರು ಕೂತು ಮಾತಾಡಬೇಕು.

ಮೊನ್ನೆ ಫೋನ್ ಮಾಡಿದಾಗ ಆ ಕಡೆ ಜೋರು ಮಳೆ ಸದ್ದು. "ಹೆಬ್ಬಾಗಿಲು ಕೂರ್ತಾ ಇಲ್ವೋ ಈ ಸಲ" ಅಂದರು.

"ಮೇಲೆ ಹಂಚು ನೋಡಿದ್ರಾ ಅಪ್ಪಯ್ಯ?" ಅಂದೆ.

ಆ ಮಳೆಯಲ್ಲೂ ನಕ್ಕಿದ್ದು ಕೇಳಿಸಿತು.

ನಿಮ್ಮ ಮನೆಯಲ್ಲೂ ಯಾವುದಾದರೂ ಬಾಗಿಲು ಕೂರದೆ ಸತಾಯಿಸ್ತಾ ಇದ್ದರೆ, ಕೀಸುಳಿ ಹಿಡಿಯುವ ಮುಂಚೆ ಒಮ್ಮೆ ತಲೆ ಎತ್ತಿ ನೋಡಿ. ಇಷ್ಟು ಹೇಳೋಕೆ ಆರು ತಿಂಗಳು ತಗೊಂಡೆ, ಕ್ಷಮಿಸಿ :)