ಮಗಳು ಕೆಲಸ ಬಿಟ್ಟದ್ದು

ಮಾದಾಪುರದ ಅತ್ತಿಗೆಯಿಂದ ಹಿಡಿದು ಪಕ್ಕದ ಮನೆಯವರ ತನಕ ಎಲ್ಲರೂ ಕೇಳಿ ಆಯ್ತು, "ಮಗಳ ಕೆಲಸ ಹೋಯ್ತಂತೆ, ಹೌದಾ?" ಹೋದದ್ದಲ್ಲ ಮಾರಾಯ್ತಿ, ಅವಳೇ ಬಿಟ್ಟದ್ದು. ಒಬ್ಬೊಬ್ಬರಿಗೆ ಹೇಳಿ ಸಾಕಾಯ್ತು, ಇಲ್ಲೇ ಬರ್ದುಬಿಡ್ತೇನೆ.

ಒಂಬತ್ತು ವರ್ಷ ಬೆಂಗಳೂರಲ್ಲಿ ಕೂತು ಪ್ರೋಗ್ರಾಮ್ ಬರೆದಳು. ಹೋದ ಏಪ್ರಿಲಿನಲ್ಲಿ, ಒಂದು ವರ್ಷ ಕಾಫಿ ಕಲೀತೇನೆ ಅಂತ ಬಂದಳು. "ತೋಟದ ಮನೇಲಿ ಹುಟ್ಟಿದವಳಿಗೆ ಕಲಿಲಿಕ್ಕೆ ಎಂತ ಉಂಟು?" ಅಂತ ಇವರು ನಗಾಡಿದ್ರು. ನಮಗೆ ಗೊತ್ತಿದ್ದದ್ದು ಕೊಯ್ಯುದು, ಒಣಗಿಸುದು, ಚೀಲ ತುಂಬಿ ವ್ಯಾಪಾರಿಗೆ ಕೊಡುದು. ನಮ್ಮ ಕಾಫಿಯ ರುಚಿ ಅಂದ್ರೆ ಬೆಲ್ಲ ಹಾಕಿದ ರುಚಿ, ಅಷ್ಟೆ.

ಬೆಂಗಳೂರಿನ ಕಾಫಿ ಬೋರ್ಡಿನವರು ‘ಕಾಪಿ ಶಾಸ್ತ್ರ’ ಅಂತ ತರಬೇತಿ ಕೊಡ್ತಾರೆ, ಹುರಿಯುದರಿಂದ ಲೋಟಕ್ಕೆ ಬರುವ ತನಕ. ಅದಾಯ್ತು. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೂ ಹೋಗಿ ಬಂದಳು. 1946ರಿಂದ ಅಲ್ಲಿ ಉಂಟು, ನಾನು ಬಸ್ಸಿನ ಕಿಟಕಿಯಿಂದ ನೋಡಿದ್ದು ಮಾತ್ರ.

ಈಗ ನನ್ನ ಅಡುಗೆಮನೆಯೇ ಅವಳ ಆಫೀಸು. ಸಣ್ಣ ತಕ್ಕಡಿಯಲ್ಲಿ 8.25 ಗ್ರಾಂ ಪುಡಿ, ಅದಕ್ಕೆ 150 ಮಿಲಿ ಬಿಸಿನೀರು. ಹಾಲಿಲ್ಲ, ಬೆಲ್ಲ ಇಲ್ಲ. ನಾಲ್ಕು ನಿಮಿಷ ಬಿಟ್ಟು ಮೇಲೆ ಕಟ್ಟಿದ ಪದರ ಚಮಚದಲ್ಲಿ ಒಡೆದು ಮೂಸುದು, ಆಮೇಲೆ ಸೊರ್ರ್ ಅಂತ ಎಳೆಯುದು. ಸಣ್ಣವಳಿರುವಾಗ ಹಾಗೆ ಕುಡಿದ್ರೆ ಗದರ್ತಿದ್ದೆ. ಈಗ ಫೀಸು ಕೊಟ್ಟು ಕಲಿತು ಬಂದಿದ್ದಾಳೆ!

ಅಪ್ಪನ ಕಾಫಿ ಕುಡಿದು, "ಬೂಸ್ಟು ವಾಸನೆ ಉಂಟು" ಅಂದಳು. ಇವರು ಎರಡು ದಿನ ಮಾತಾಡ್ಲಿಲ್ಲ. ಹಣ್ಣು, ಕಾಯಿ ಒಟ್ಟಿಗೆ ಬಾಚಿ ಕಣದಲ್ಲಿ ದಪ್ಪ ಹರಡುದು ನಮ್ಮ ಅಭ್ಯಾಸ. ಅವಳು ಕೆಂಪು ಹಣ್ಣು ಮಾತ್ರ ಆರಿಸಿ, ಎತ್ತರಕ್ಕೆ ಬಲೆ ಕಟ್ಟಿ ತೆಳುವಾಗಿ ಹರಡಿದ್ಲು. ಆಳಿನ ಕೂಲಿ ಹೆಚ್ಚಾಯ್ತು, ಅದು ಸುಳ್ಳಲ್ಲ.

ದುಡ್ಡಿನ ವಿಷಯ ನಿಮ್ಮ ಮಕ್ಕಳಿಗೂ ಬೇಕಾದೀತು ಅಂತ ಹೇಳ್ತೇನೆ. ವರ್ಷದ ಖರ್ಚು ಬ್ಯಾಂಕಿನಲ್ಲಿ ಇಟ್ಟೇ ರಾಜೀನಾಮೆ ಕೊಟ್ಟದ್ದು. ಕೆಲಸ ಬಿಟ್ರೆ ಕಂಪನಿಯ ಆರೋಗ್ಯವಿಮೆ ನಿಲ್ತದೆ, ಹಾಗೆ ಮೊದಲೇ ಬೇರೆ ಮಾಡಿಸಿದ್ಲು. ಪಿಎಫ್ ಮುಟ್ಟಲಿಲ್ಲ.

ನನಗೆ ನಿದ್ದೆ ಕೆಟ್ಟದ್ದು ಬೇರೆ ವಿಷಯಕ್ಕೆ. ಮಾತುಕತೆ ಆಗಿದ್ದ ಹುಡುಗನ ಕಡೆಯವರು, "ಕೆಲಸಕ್ಕೆ ಸೇರಿದ ಮೇಲೆ ನೋಡುವ" ಅಂದ್ರು. ಇವಳಿಗೆ ಮೂವತ್ತೊಂದು. ಹೇಳಿದ್ರೆ, "ಸಂಬಳ ನೋಡಿ ಬರುವವರು ಬಾರದೆ ಇರ್ಲಿ ಅಮ್ಮ" ಅಂತಾಳೆ. ಉತ್ತರ ಸರಿಯೇ, ತಾಯಿಯ ಹೊಟ್ಟೆಗೆ ಅದು ಸಾಕಾಗುದಿಲ್ಲ.

ಏಪ್ರಿಲಿಗೆ ವರ್ಷ ಆಗ್ತದೆ. ವಾಪಸು ಹೋಗ್ತಾಳಾ ಅಂತ ನಾನು ಕೇಳ್ಲಿಲ್ಲ, ಅವಳೂ ಹೇಳ್ಲಿಲ್ಲ. ವ್ಯಾಪಾರಿ ಮೊನ್ನೆ ಬಂದು ತೂಗಿಸಿ ಹೋದ. ಬಲೆಯಲ್ಲಿ ಒಣಗಿದ ಎರಡು ಚೀಲ ಇವರು ಕೊಡ್ಲಿಲ್ಲ, ಅಟ್ಟದಲ್ಲಿ ಉಂಟು.